ನಮ್ಮ ರಾಜರ ಲಾಂಛನ ಯಾವುದು? – ಕ್ರಿಸ್ತರಾಜರ ಹಬ್ಬದ ಪ್ರಬೋಧನೆ



ಇಂದು ಕ್ರಿಸ್ತರಾಜರ ಹಬ್ಬ. ಪೂಜಾವಿಧಿಯ ವರ್ಷದ ಕೊನೆಯ ಭಾನುವಾರ. ಮುಂದಿನ ಭಾನುವಾರ ನಾವು ಆಗಮನ ಕಾಲಕ್ಕೆ ಕಾಲಿಡುತ್ತೇವೆ. 1925ರ ಡಿಸೆಂಬರ್ 11ರಂದು ಜಗದ್ಗುರು 11ನೇ ಪಯಸ್‌ರವರು ಈ ಹಬ್ಬವನ್ನು ಧರ್ಮಸಭೆಗೆ ಕೊಟ್ಟರು. ಆಗ ಮೊದಲ ಮಹಾಯುದ್ಧ ಮುಗಿದು ಏಳು ವರ್ಷವಾಗಿತ್ತು. ಯುರೋಪಿನ ದೊಡ್ಡ ದೊಡ್ಡ ಸಿಂಹಾಸನಗಳು ಉರುಳಿಬಿದ್ದಿದ್ದವು. ರಷ್ಯಾದಲ್ಲಿ, ಜರ್ಮನಿಯಲ್ಲಿ, ಆಸ್ಟ್ರಿಯಾದಲ್ಲಿ ಚಕ್ರವರ್ತಿಗಳು ಇರಲಿಲ್ಲ. ಅರಮನೆಯ ಬಾಗಿಲುಗಳ ಮೇಲಿನ ಹದ್ದು, ಸಿಂಹ, ಕಿರೀಟಗಳಿಗೆ ಅರ್ಥ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಧರ್ಮಸಭೆ ಜನರಿಗೆ ತೋರಿಸಿದ್ದು ಮುಳ್ಳಿನ ಕಿರೀಟ ಧರಿಸಿದ ಒಬ್ಬ ರಾಜರನ್ನು.

ಈ ರಾಜರನ್ನು ಸಂತ ಲೂಕರು ನಮ್ಮ ಮುಂದೆ ನಿಲ್ಲಿಸುವುದು ಅರಮನೆಯಲ್ಲಲ್ಲ, ಕಪಾಲ ಎಂಬ ಸ್ಥಳದಲ್ಲಿ. ಅವರಿಗೆ ಸಿಂಹಾಸನವಿಲ್ಲ, ಶಿಲುಬೆಯಿದೆ. ಎಡಬಲದಲ್ಲಿ ಮಂತ್ರಿಗಳಿಲ್ಲ, ಇಬ್ಬರು ಅಪರಾಧಿಗಳಿದ್ದಾರೆ. ತಲೆಯ ಮೇಲೆ ಒಂದು ಹಲಗೆ ಇದೆ. ಇವರು ಯೆಹೂದ್ಯರ ಅರಸರು ಎಂದು ಅದರಲ್ಲಿ ಬರೆದಿದೆ. ಬರೆಸಿದವರು ಗೌರವಕ್ಕಾಗಿ ಬರೆಸಲಿಲ್ಲ, ಹಾಸ್ಯಕ್ಕಾಗಿ ಬರೆಸಿದರು. ಅದು ಮೂರು ಭಾಷೆಗಳಲ್ಲಿತ್ತು ಎಂದು ಸಂತ ಯೊವಾನ್ನರು ಹೇಳುತ್ತಾರೆ. ಹಾದುಹೋಗುವ ಯಾರೂ ಓದದೆ ಹೋಗಬಾರದು ಎಂಬ ಉದ್ದೇಶ.

ಪ್ರತಿಯೊಬ್ಬ ರಾಜನಿಗೂ ಒಂದು ಗುರುತು ಬೇಕು. ಬಾದಾಮಿಯ ಚಾಲುಕ್ಯರಿಗೆ ವರಾಹ ಲಾಂಛನವಿತ್ತು. ವಿಜಯನಗರದ ಅರಸರೂ ವರಾಹವನ್ನೇ ಇಟ್ಟುಕೊಂಡರು. ಮೈಸೂರು ಒಡೆಯರ ಗಂಡಭೇರುಂಡ ಇಂದಿಗೂ ನಮ್ಮ ರಾಜ್ಯ ಸರ್ಕಾರದ ಕಾಗದಗಳ ಮೇಲಿದೆ. ನಮ್ಮ ಧರ್ಮಾಧ್ಯಕ್ಷರಿಗೂ ಒಂದು ಲಾಂಛನವಿದೆ. ದೇವಾಲಯದಲ್ಲಿ ಓದುವ ಸುತ್ತೋಲೆಯ ಮೇಲ್ತುದಿಯಲ್ಲಿ ನೀವು ಅದನ್ನು ನೋಡಿರುತ್ತೀರಿ: ನಡುವೆ ಒಂದು ಗುರಾಣಿ, ಹಿಂದೆ ಶಿಲುಬೆ, ಮೇಲೆ ಅಗಲವಾದ ಹಸಿರು ಟೋಪಿ, ಟೋಪಿಯಿಂದ ಎರಡೂ ಬದಿಗೆ ಇಳಿಬಿದ್ದ ಕುಚ್ಚುಗಳು. ಎಣಿಸಿ ನೋಡಿ, ಒಂದೊಂದು ಬದಿಗೆ ಆರು ಕುಚ್ಚು. ಮಹಾಧರ್ಮಾಧ್ಯಕ್ಷರಿಗಾದರೆ ಹತ್ತು ಹತ್ತು. ಕಾರ್ಡಿನಲರಿಗೆ ಕೆಂಪು ಟೋಪಿ, ಹದಿನೈದು ಹದಿನೈದು ಕುಚ್ಚು. ಹಾಗಾದರೆ ಕ್ರಿಸ್ತರಾಜರ ಲಾಂಛನ ಯಾವುದು? ಈ ಹಬ್ಬದ ದಿನ ಈ ಒಂದು ಪ್ರಶ್ನೆಯನ್ನು ಹಿಡಿದು ಸ್ವಲ್ಪ ಧ್ಯಾನಿಸೋಣ.

ಲಾಂಛನಗಳ ಪದ್ಧತಿ ಯುರೋಪಿನಲ್ಲಿ 12ನೇ ಶತಮಾನದಲ್ಲಿ ಬೆಳೆಯಿತು. ಯೋಧರು ಮುಖ ಮುಚ್ಚುವ ಕಬ್ಬಿಣದ ಶಿರಸ್ತ್ರಾಣ ಧರಿಸತೊಡಗಿದ ಕಾಲ ಅದು. ರಣರಂಗದಲ್ಲಿ, ಪಂದ್ಯದ ಬಯಲಿನಲ್ಲಿ ಯಾರು ಯಾರೆಂದು ತಿಳಿಯುವುದು ಕಷ್ಟ. ಆದ್ದರಿಂದ ಗುರಾಣಿಯ ಮೇಲೆ ಎದ್ದುಕಾಣುವ ಬಣ್ಣದಲ್ಲಿ ಸಿಂಹವನ್ನೋ, ಹದ್ದನ್ನೋ, ಪಟ್ಟಿಗಳನ್ನೋ ಬರೆಸಿಕೊಂಡರು. ಕ್ರಮೇಣ ತಂದೆಯ ಗುರುತು ಮಗನಿಗೆ ಬಂತು, ಮಗನಿಂದ ಮೊಮ್ಮಗನಿಗೆ ಬಂತು. ಗುರಾಣಿಯ ಚಿತ್ರ ಮನೆತನದ ಮಾನವಾಯಿತು. ಈ ಚಿತ್ರಗಳನ್ನು ಗುರುತು ಹಿಡಿದು, ಇವರು ಇಂಥವರು ಎಂದು ಗಟ್ಟಿಯಾಗಿ ಸಾರುವ ಒಂದು ವರ್ಗವೇ ಹುಟ್ಟಿಕೊಂಡಿತು. ನಮ್ಮ ಅರಸರ ಮುಂದೆ ಬಿರುದು ಬಾವಲಿಗಳನ್ನು ಹೇಳುತ್ತಿದ್ದ ವಂದಿಮಾಗಧರಂಥವರು ಅವರು. ನೂರಾರು ಮನೆತನದ ಗುರುತು ನೆನಪಿಡಬೇಕಲ್ಲ? ಅದಕ್ಕಾಗಿ ಹದಮಾಡಿದ ಚರ್ಮದ ಪಟ್ಟಿಗಳನ್ನು ಉದ್ದಕ್ಕೆ ಹೊಲಿದು, ಅದರ ಮೇಲೆ ಸಾಲುಸಾಲಾಗಿ ಗುರಾಣಿಗಳನ್ನು ಚಿತ್ರಿಸಿ, ಹೆಸರು ಬರೆದು, ಚಾಪೆಯಂತೆ ಸುತ್ತಿಡುತ್ತಿದ್ದರು. ಇದನ್ನು ಲಾಂಛನ ಸುರುಳಿ ಎಂದು ಕರೆಯೋಣ.

ಇಂಥ ಹಲವು ಸುರುಳಿಗಳು ಇಂದಿಗೂ ಉಳಿದಿವೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸುಮಾರು 1340ರ ಒಂದು ಸುರುಳಿಯಿದೆ. ಅಗಲ ಒಂದು ಗೇಣಿಗಿಂತ ಕಡಿಮೆ, ಉದ್ದ ಹಲವು ಮೀಟರು. ಅದರಲ್ಲಿ ಐನೂರಕ್ಕೂ ಹೆಚ್ಚು ಮನೆತನಗಳ ಲಾಂಛನಗಳಿವೆ. ಅವುಗಳ ಜೊತೆ 28 ಧರ್ಮಪ್ರಾಂತ್ಯಗಳ ಬಾವುಟಗಳೂ ಇವೆ. ಇಂಗ್ಲೆಂಡಿನ ಇನ್ನೊಂದು ಸುರುಳಿ ಅದಕ್ಕಿಂತಲೂ ಹಳೆಯದು, 1270ರಿಂದ 1280ರ ನಡುವಿನದು. ಉದ್ದ 2.6 ಮೀಟರ್. ಒಂದು ಸಾಲಿಗೆ ಆರರಂತೆ 54 ಸಾಲು, ಒಟ್ಟು 324 ಗುರಾಣಿಗಳು. ಪ್ರತಿ ಗುರಾಣಿಯ ಮೇಲೆ ಆ ಯೋಧನ ಹೆಸರಿದೆ. 2008ರಲ್ಲಿ ಬ್ರಿಟಿಷ್ ಲೈಬ್ರರಿ ಇದನ್ನು 1,94,184 ಪೌಂಡ್ ಕೊಟ್ಟು ಕೊಂಡುಕೊಂಡಿತು. ಇದನ್ನು ಡೆರಿಂಗ್ ಸುರುಳಿ ಎನ್ನುತ್ತಾರೆ. ಆ ಹೆಸರು ಏಕೆ ಬಂತು ಎಂಬುದನ್ನು ಕೇಳಿ, ಏಕೆಂದರೆ ನಮ್ಮ ಇಂದಿನ ಪಾಠ ಅಲ್ಲಿಯೇ ಇದೆ.

17ನೇ ಶತಮಾನದಲ್ಲಿ ಈ ಸುರುಳಿ ಸರ್ ಎಡ್ವರ್ಡ್ ಡೆರಿಂಗ್ ಎಂಬವರ ಕೈಸೇರಿತು. ಅವರು 1598ರಲ್ಲಿ ಹುಟ್ಟಿ 1644ರಲ್ಲಿ ತೀರಿಕೊಂಡವರು. ಓದಿದವರು, ಹಳೆಯ ದಾಖಲೆಗಳನ್ನು ಪ್ರೀತಿಯಿಂದ ಸಂಗ್ರಹಿಸುತ್ತಿದ್ದವರು, ಡೋವರ್ ಕೋಟೆಯ ಅಧಿಕಾರಿ. ಅವರಿಗೆ ಒಂದು ಕೊರಗಿತ್ತು. ಅಷ್ಟು ದೊಡ್ಡ ಸುರುಳಿಯಲ್ಲಿ, 324 ಮನೆತನಗಳ ನಡುವೆ, ತಮ್ಮ ಮನೆತನದ ಹೆಸರಿರಲಿಲ್ಲ. ಅವರು ಏನು ಮಾಡಿದರು ಗೊತ್ತೇ? ಒಬ್ಬ ಯೋಧನ ಗುರುತನ್ನು ಅಳಿಸಿಹಾಕಿದರು. ಆ ಜಾಗದಲ್ಲಿ ಡೆರಿಂಗ್ ಮನೆತನದ ಒಬ್ಬ ಪೂರ್ವಜನ ಹೆಸರನ್ನೂ ಲಾಂಛನವನ್ನೂ ಸೇರಿಸಿದರು. ಆ ಪೂರ್ವಜ ನಿಜವಾಗಿ ಇದ್ದವನಲ್ಲ, ಕಲ್ಪಿತ ವ್ಯಕ್ತಿ. ನಿಜವಾಗಿ ಬದುಕಿದ್ದ ಒಬ್ಬನನ್ನು ತೆಗೆದು, ಎಂದೂ ಬದುಕಿರದ ಒಬ್ಬನನ್ನು ಅಲ್ಲಿ ಕೂರಿಸಿದರು.

ವಿದ್ವಾಂಸರು ಈ ಮೋಸವನ್ನು ಕಂಡುಹಿಡಿದರು. ಇಂದು ಆ ಸುರುಳಿಯ ಬಗ್ಗೆ ಮಾತು ಬಂದಾಗಲೆಲ್ಲ ಈ ಕಥೆಯನ್ನು ಹೇಳುತ್ತಾರೆ. ಗೌರವಕ್ಕಾಗಿ ಸೇರಿಸಿದ ಹೆಸರು ನಗೆಪಾಟಲಿನ ಹೆಸರಾಯಿತು.

ಪ್ರಿಯರೇ, ಇದನ್ನು ಕೇಳಿ ನಗು ಬರುತ್ತದೆ. ನಾವೂ ಇದನ್ನು ಮೊದಲು ಓದಿದಾಗ ನಕ್ಕೆವು. ಆದರೆ ಈ ವರ್ಷ ನಮ್ಮ ಈ ದೇವಾಲಯದಲ್ಲಿ ನಡೆದದ್ದನ್ನು ನೆನೆಸಿಕೊಂಡಾಗ ಆ ನಗು ಗಂಟಲಲ್ಲಿಯೇ ನಿಂತಿತು.

ನಿಮಗೆಲ್ಲ ಗೊತ್ತಿರುವಂತೆ ಹಬ್ಬಕ್ಕೆ ಮೊದಲು ನಾವು ದೇವಾಲಯದ ಬೆಂಚುಗಳನ್ನು ದುರಸ್ತಿ ಮಾಡಿಸಿದೆವು. ಹಳೆಯ ಬೆಂಚುಗಳು. ನಮ್ಮ ಹಿರಿಯರು ಹೊಟ್ಟೆಬಟ್ಟೆ ಕಟ್ಟಿ ಕೊಟ್ಟ ಹಣದಿಂದ ಮಾಡಿಸಿದವು. ಪ್ರತಿ ಬೆಂಚಿನ ಒರಗುಹಲಗೆಯ ಹಿಂದೆ ಕೊಟ್ಟವರ ಹೆಸರನ್ನು ಅಂದಿನ ಬಡಗಿ ಉಳಿಯಿಂದ ಕೆತ್ತಿದ್ದ. ಅಕ್ಷರಗಳು ಸೊಟ್ಟಪಟ್ಟ, ಕೆಲವು ಕಡೆ ತಪ್ಪು ಕಾಗುಣಿತ. ಉಜ್ಜಿ ನುಣುಪು ಮಾಡಿ ಪಾಲಿಶ್ ಹಾಕಿದಾಗ ಆ ಹೆಸರುಗಳು ಹೋದವು. ದುರಸ್ತಿಗೆ ಈಗ ಹಣ ಕೊಟ್ಟವರ ಹೆಸರುಗಳನ್ನು ಹಿತ್ತಾಳೆಯ ಪಟ್ಟಿಯಲ್ಲಿ ಬರೆಸಿ ಅಲ್ಲಿಯೇ ಹೊಡೆಸಿದೆವು. ಸಮಿತಿಯ ಸಭೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಹೊಸದಾಗಿ ಕೊಟ್ಟವರಿಗೆ ಗೌರವ ಸಲ್ಲಬೇಕಲ್ಲ ಎಂದರು. ಪಾಲಕರಾದ ನಾವೂ ಹೂಂ ಎಂದು ತಲೆಯಾಡಿಸಿದೆವು. ಬಾಗಿಲ ಬಳಿ ಒಂದು ಗ್ರಾನೈಟ್ ಕಲ್ಲನ್ನೂ ನಿಲ್ಲಿಸಿದೆವು. ಅದರಲ್ಲಿ ನಮ್ಮ ಹೆಸರೂ ಇದೆ, ಉಳಿದವರೆಲ್ಲರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ.

ಹದಿನೈದು ದಿನದ ಕೆಳಗೆ ಬೆಳಗಿನ ಬಲಿಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ಮೂರನೆಯ ಸಾಲಿನ ಬೆಂಚಿನ ಹಿಂದೆ ನಿಂತು ಹಲಗೆಯ ಮೇಲೆ ಕೈಯಾಡಿಸುತ್ತಿದ್ದರು. ಏನಾದರೂ ಬಿದ್ದುಹೋಯಿತೇನೋ, ಜಪಸರ ಹುಡುಕುತ್ತಿದ್ದಾರೇನೋ ಎಂದುಕೊಂಡು ಹತ್ತಿರ ಹೋದೆವು. ಅವರಿಗೆ ಓದು ಬರಹ ಬಾರದು. ಆದರೆ ಅವರ ತಾಯಿಯ ಹೆಸರು ಆ ಹಲಗೆಯ ಮೇಲಿತ್ತು ಎಂಬುದು ಬೆರಳಿಗೆ ಗೊತ್ತಿತ್ತು. ಚಿಕ್ಕಂದಿನಿಂದಲೂ ಪೂಜೆಗೆ ಬಂದಾಗಲೆಲ್ಲ ಆ ಅಕ್ಷರಗಳನ್ನು ಮುಟ್ಟಿ ಮೊಣಕಾಲೂರುತ್ತಿದ್ದರಂತೆ. ತಾಯಿ ಕಿವಿಯ ಓಲೆ ಮಾರಿ ಆ ಬೆಂಚಿಗೆ ಹಣ ಕೊಟ್ಟಿದ್ದರಂತೆ.

"ಸ್ವಾಮಿ, ಅವ್ವನ ಹೆಸರು ಎಲ್ಲಿ ಹೋಯ್ತು?" ಎಂದು ಕೇಳಿದರು.

ಜಗಳಕ್ಕೆ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ನಮಗೆ ಉತ್ತರ ಕೊಡಲಾಗಲಿಲ್ಲ. ಡೆರಿಂಗ್ ಒಬ್ಬನ ಗುರುತನ್ನು ಅಳಿಸಿದರು. ನಾವು ಒಂದು ಊರಿನ ಹಿರಿಯರನ್ನೇ ಅಳಿಸಿದ್ದೆವು. ಅವರಿಗೆ ತಾವು ಮಾಡುವುದು ಮೋಸವೆಂದಾದರೂ ಗೊತ್ತಿತ್ತು, ನಾವು ದೇವರ ಮಹಿಮೆಗೆಂದು ಹೇಳಿಕೊಂಡು ಮಾಡಿದೆವು.

ಪ್ರಿಯರೇ, ಹೆಸರು ಉಳಿಯಬೇಕೆಂಬ ಆಸೆ ಪಾಪವಲ್ಲ. ಅದು ಮನುಷ್ಯನ ಹುಟ್ಟುಗುಣ. ಆದರೆ ಆ ಆಸೆ ಎಷ್ಟು ದೂರ ನಡೆದೀತು ಎಂಬುದನ್ನು ನೋಡಬೇಕು. ಸಂತ ಫ್ರಾನ್ಸಿಸ್ ಝೇವಿಯರ್‌ರವರ ಪವಿತ್ರ ಅವಶೇಷಗಳ ದರ್ಶನಕ್ಕೆಂದು ನಮ್ಮಲ್ಲಿ ಅನೇಕರು ಹಳೆ ಗೋವೆಗೆ ಹೋಗಿಬಂದಿದ್ದೀರಿ. ಅಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯದ ಒಳಗೆ ಕಾಲಿಟ್ಟರೆ ನೆಲದ ತುಂಬ ಸಮಾಧಿಯ ಕಲ್ಲುಗಳು. ಕಲ್ಲುಗಳ ಮೇಲೆ ಪೋರ್ಚುಗೀಸ್ ಮನೆತನಗಳ ಲಾಂಛನಗಳು. ಒಂದು ಕಾಲದಲ್ಲಿ ಆ ಗುರುತು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಇಂದು ಯಾತ್ರಿಕರು ಅದರ ಮೇಲೆ ನಡೆದುಹೋಗುತ್ತಾರೆ. ಯಾರ ಗುರುತೆಂದು ಕೇಳುವವರಿಲ್ಲ. ಮಾಲ್ಟಾ ದ್ವೀಪದ ವಲೆಟ್ಟಾ ನಗರದಲ್ಲಿ ಸ್ನಾನಿಕ ಯೊವಾನ್ನರ ಮಹಾದೇವಾಲಯವಿದೆ. ಅದರ ನೆಲವೆಲ್ಲ ಬಣ್ಣಬಣ್ಣದ ಅಮೃತಶಿಲೆ. ಸುಮಾರು 400 ಸಮಾಧಿಗಳು, ಅವುಗಳ ಮೇಲೆ ಆ ಯೋಧರ ಲಾಂಛನಗಳು. ಎಷ್ಟೋ ಕಲ್ಲುಗಳಲ್ಲಿ ಲಾಂಛನದ ಜೊತೆಗೆ ಅಸ್ಥಿಪಂಜರವನ್ನೂ ಚಿತ್ರಿಸಿದ್ದಾರೆ. ಅವರು ಹೆಸರನ್ನು ಕಾಲಕೆಳಗೆ ಇಟ್ಟುಕೊಂಡು ಮಲಗಿದರು. ಅದರಲ್ಲಿ ಒಂದು ವಿವೇಕವಿತ್ತು.

ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ಸಂತ ಜಾರ್ಜರ ದೇವಾಲಯದಲ್ಲಿ ಗಾರ್ಟರ್ ಎಂಬ ಪದವಿ ಪಡೆದವರ ಬಾವುಟಗಳನ್ನು ಅವರವರ ಆಸನದ ಮೇಲೆ ತೂಗುಹಾಕುತ್ತಾರೆ. ಆ ವ್ಯಕ್ತಿ ತೀರಿಕೊಂಡ ಮೇಲೆ ಬಾವುಟವನ್ನು ಇಳಿಸುತ್ತಾರೆ. ಆಸನದ ಹಿಂದೆ ಹೊಡೆದ ಲೋಹದ ಚಿಕ್ಕ ಫಲಕ ಮಾತ್ರ ಉಳಿಯುತ್ತದೆ. 1915ರಲ್ಲಿ, ಯುದ್ಧದ ಸಮಯದಲ್ಲಿ, ಶತ್ರುಗಳಾಗಿದ್ದ ಜರ್ಮನಿ ಮತ್ತು ಆಸ್ಟ್ರಿಯಾದ ಚಕ್ರವರ್ತಿಗಳ ಬಾವುಟಗಳನ್ನು ಅಲ್ಲಿಂದ ತೆಗೆದುಹಾಕಿದರು. ಆದರೆ ಅವರ ಫಲಕಗಳನ್ನು ಕೀಳಲಿಲ್ಲ. ನಡೆದದ್ದು ನಡೆದದ್ದೇ, ಅದು ಇತಿಹಾಸದ ದಾಖಲೆ ಎಂದು ಬಿಟ್ಟರು. ಶತ್ರುವಿನ ಹೆಸರನ್ನೂ ಅಳಿಸದಷ್ಟು ಸೌಜನ್ಯ ಅಲ್ಲಿತ್ತು. ನಾವು ನಮ್ಮ ಅಜ್ಜ ಅಜ್ಜಿಯರ ಹೆಸರನ್ನೇ ಅಳಿಸಿದ್ದೇವೆ.

ಹಾಗಾದರೆ ಲಾಂಛನಗಳನ್ನು ಸಂಗ್ರಹಿಸುವುದೇ ತಪ್ಪೇ? ಅಲ್ಲ. ಇನ್ನೊಬ್ಬ ಸಂಗ್ರಾಹಕರನ್ನು ನೋಡಿ. ಮಹಾಧರ್ಮಾಧ್ಯಕ್ಷ ಬ್ರೂನೋ ಹೈಮ್‌ರವರು 1911ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದರು, 2003ರಲ್ಲಿ ದೈವಾಧೀನರಾದರು. ಜಗದ್ಗುರುಗಳ ರಾಯಭಾರಿಯಾಗಿ ಹಲವು ದೇಶಗಳಲ್ಲಿ ಸೇವೆ ಸಲ್ಲಿಸಿದವರು. ಲಾಂಛನಶಾಸ್ತ್ರದಲ್ಲಿ ಅವರನ್ನು ಮೀರಿಸಿದವರು ನಮ್ಮ ಧರ್ಮಸಭೆಯಲ್ಲಿ ವಿರಳ. 23ನೇ ಜಾನ್, 6ನೇ ಪೌಲ್, ಮೊದಲನೇ ಜಾನ್ ಪೌಲ್, ಎರಡನೇ ಜಾನ್ ಪೌಲ್, ಈ ನಾಲ್ವರು ಜಗದ್ಗುರುಗಳ ಲಾಂಛನಗಳನ್ನು ರೂಪಿಸಿದವರು ಅವರೇ. ಅವರೂ ಲಾಂಛನಗಳನ್ನು ಸಂಗ್ರಹಿಸಿದರು. ಆದರೆ ಹೇಗೆ? ಮನೆಗೆ ಬಂದ ಅತಿಥಿಗಳಿಗಾಗಿ ಒಂದು ಪುಸ್ತಕ ಇಟ್ಟಿದ್ದರು. ಬಂದವರ ಲಾಂಛನವನ್ನು ತಮ್ಮ ಕೈಯಾರೆ ಬಣ್ಣದಲ್ಲಿ ಬಿಡಿಸುತ್ತಿದ್ದರು, ಅತಿಥಿ ಅಲ್ಲಿ ಸಹಿ ಹಾಕುತ್ತಿದ್ದರು. ಸ್ನೇಹಿತರ ಆ ಪುಸ್ತಕ 1981ರಲ್ಲಿ ಅಚ್ಚಾಯಿತು. ಪುಟ ತಿರುವಿದರೆ ಕಾಣುವುದು ಬೇರೆಯವರ ಗುರುತುಗಳು. ಒಬ್ಬರು ತಮ್ಮ ಹೆಸರಿಗಾಗಿ ಬೇರೆಯವರನ್ನು ಅಳಿಸಿದರು. ಇನ್ನೊಬ್ಬರು ಬೇರೆಯವರ ಗುರುತನ್ನು ಬಿಡಿಸುತ್ತ ಮುದುಕರಾದರು. ಇಬ್ಬರೂ ಸಂಗ್ರಾಹಕರೇ. ಕುಂಚ ಒಂದೇ, ಮನಸ್ಸು ಬೇರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕ್ರಿಸ್ತರಾಜರ ಲಾಂಛನ ಯಾವುದು? ಈ ಪ್ರಶ್ನೆ ಹಳೆಯ ಕಾಲದ ಚಿತ್ರಕಾರರಿಗೂ ಬಂದಿತ್ತು. ಅವರು ಲಾಂಛನವಿಲ್ಲದವರಿಗೂ ಲಾಂಛನ ಕಲ್ಪಿಸುತ್ತಿದ್ದರು. ದಾವೀದ ಅರಸನಿಗೆ ಕಿನ್ನರಿ ಕೊಟ್ಟರು. ಬಾಲಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳಿಗೂ ಒಂದೊಂದು ಗುರಾಣಿ ಕೊಟ್ಟರು. ಯೇಸುಸ್ವಾಮಿಗೆ ಏನು ಕೊಡುವುದು? ಸಿಂಹವೇ? ಹದ್ದೇ? ಬಂಗಾರದ ಕಿರೀಟವೇ? 15ನೇ ಶತಮಾನದ ನಡುವಿನಲ್ಲಿ ಜರ್ಮನ್ ನಾಡಿನಲ್ಲಿ ತಯಾರಾದ ಒಂದು ಲಾಂಛನ ಸಂಗ್ರಹ ಇಂದು ಲಂಡನ್ನಿನಲ್ಲಿದೆ. ಅದರಲ್ಲಿ ಯೇಸುಸ್ವಾಮಿಯ ಲಾಂಛನವನ್ನು ಹೀಗೆ ಬಿಡಿಸಿದ್ದಾರೆ: ಗುರಾಣಿಯ ಮೇಲೆ ವೆರೋನಿಕಮ್ಮನವರು ಮುಖ ಒರೆಸಿದ ಬಟ್ಟೆ. ಶಿರಸ್ತ್ರಾಣದ ಮೇಲೆ ಶಿಲುಬೆ ಮತ್ತು ಹೊಡೆದ ಚಾವಟಿ. ಮೊಳೆ, ಸುತ್ತಿಗೆ, ಭರ್ಜಿ, ಏಣಿ, ಮುಳ್ಳಿನ ಕಿರೀಟ ಇವುಗಳನ್ನೆಲ್ಲ ಆ ಕಾಲದವರು ಕ್ರಿಸ್ತರ ಆಯುಧಗಳೆಂದೇ ಕರೆದರು. ನಮ್ಮ ಕಡೆಯ ಕೆಲವು ಹಳೆಯ ಶಿಲುಬೆಗಳ ಮೇಲೂ ಸುತ್ತಿಗೆ, ಮೊಳೆ, ಏಣಿಗಳನ್ನು ಕೆತ್ತಿರುವುದುಂಟು.

ಬೇರೆ ಅರಸರು ತಾವು ಇತರರ ಮೇಲೆ ಎತ್ತಿದ ಆಯುಧಗಳನ್ನು ಗುರುತಾಗಿ ಇಟ್ಟುಕೊಂಡರು. ನಮ್ಮ ಅರಸರು ತಮ್ಮ ಮೇಲೆ ಬಿದ್ದ ಆಯುಧಗಳನ್ನು ಗುರುತಾಗಿ ಇಟ್ಟುಕೊಂಡರು. ಬೇರೆಯವರ ಗುರಾಣಿ ತಮ್ಮನ್ನು ಕಾಪಾಡಿಕೊಳ್ಳಲು. ಇವರ ಗುರಾಣಿ ಗಾಯಗೊಂಡ ಅವರ ದೇಹವೇ, ಅದು ನಮ್ಮನ್ನು ಕಾಪಾಡಲು.

ಲಾಂಛನಶಾಸ್ತ್ರದಲ್ಲಿ ಒಂದು ಹಳೆಯ ನಿಯಮವಿದೆ. ಬಂಗಾರ ಮತ್ತು ಬೆಳ್ಳಿ ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ದೂರದಿಂದ ಎದ್ದುಕಾಣಲಿ ಎಂಬುದು ಕಾರಣ. ಈ ನಿಯಮವನ್ನು ಮುರಿದ ಅತ್ಯಂತ ಪ್ರಸಿದ್ಧ ಲಾಂಛನ ಜೆರುಸಲೇಮಿನದು: ಬೆಳ್ಳಿಯ ಮೇಲೆ ಬಂಗಾರದ ಶಿಲುಬೆಗಳು. ಆ ನಗರದಲ್ಲಿ ನಡೆದದ್ದೂ ಲೋಕದ ನಿಯಮಕ್ಕೆ ಹೊರತಾದದ್ದೇ. ಅಲ್ಲಿ ಅರಸರು ಸೇವಕರಾದರು, ನ್ಯಾಯಾಧೀಶರು ಅಪರಾಧಿಗಳ ನಡುವೆ ತೂಗಿದರು.

ಪೋಲೆಂಡಿನಿಂದ ಬಂದ ಸಂತ ಎರಡನೇ ಜಾನ್ ಪೌಲ್‌ರವರ ಲಾಂಛನ ನಿಮಗೆ ನೆನಪಿರಬಹುದು. ನೀಲಿ ಗುರಾಣಿ, ಬಂಗಾರದ ಶಿಲುಬೆ. ಆದರೆ ಶಿಲುಬೆ ನಡುವಿನಲ್ಲಿಲ್ಲ, ಪಕ್ಕಕ್ಕೆ ಸರಿದಿದೆ. ಶಿಲುಬೆಯ ಕೆಳಗೆ, ಒಂದು ಬದಿಗೆ, ಮರಿಯಮ್ಮನವರ ಹೆಸರಿನ ಮೊದಲ ಅಕ್ಷರವಿದೆ. ಶಿಲುಬೆಯೇ ಸ್ವಲ್ಪ ಸರಿದು ತಾಯಿಗೆ ಜಾಗ ಬಿಟ್ಟಂತೆ ಕಾಣುತ್ತದೆ. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು 14ನೇ ಲಿಯೋರವರ ಲಾಂಛನದಲ್ಲಿ ಒಂದು ಪುಸ್ತಕ, ಅದರ ಮೇಲೆ ಬಾಣ ನಾಟಿದ ಹೃದಯವಿದೆ. ಸಂತ ಅಗಸ್ತೀನರ ಸಭೆಯ ಗುರುತು ಅದು. ಗಾಯಗೊಂಡ ಹೃದಯ ಮತ್ತು ಪಕ್ಕಕ್ಕೆ ಸರಿದ ಶಿಲುಬೆ. ಜಾಗ ಬಿಡುವುದು, ಗಾಯವನ್ನು ಮುಚ್ಚಿಡದಿರುವುದು. ಕ್ರಿಸ್ತರಾಜರ ಪ್ರಜೆಗಳ ಗುರುತು ಇದೇ.

ಮತ್ತೆ ಶಿಲುಬೆಯ ಬುಡಕ್ಕೆ ಹೋಗೋಣ. ಅಲ್ಲಿ ಮೂವರು ತೂಗುತ್ತಿದ್ದಾರೆ. ಒಬ್ಬರ ತಲೆಯ ಮೇಲೆ ಮಾತ್ರ ಹಲಗೆಯಿದೆ ಎಂದು ಶುಭಸಂದೇಶ ಹೇಳುತ್ತದೆ. ಪಕ್ಕದ ಅಪರಾಧಿಯ ಹೆಸರನ್ನು ಸಂತ ಲೂಕರು ಬರೆದೇ ಇಲ್ಲ. ಯಾವ ಸುರುಳಿಯಲ್ಲಿಯೂ ಸೇರುವ ಯೋಗ್ಯತೆ ಅವನಿಗಿರಲಿಲ್ಲ. ಮನೆತನದ ಮಾನವನ್ನು ಕಳೆದವನು ಅವನು. ಅವನು ಬೇಡಿದ್ದು ಒಂದೇ, ತನ್ನನ್ನು ನೆನಪಿಟ್ಟುಕೊಳ್ಳಬೇಕೆಂದು. ಶಿಲುಬೆಯಿಂದ ಇಳಿಸು ಎನ್ನಲಿಲ್ಲ, ಪದವಿ ಕೇಳಲಿಲ್ಲ. ಹೆಸರಿಲ್ಲದ ಅವನಿಗೆ ಅರಸರು ಆ ದಿನವೇ ಪರಂಧಾಮದಲ್ಲಿ ಜಾಗ ಕೊಟ್ಟರು. ಕ್ರಿಸ್ತರಾಜರ ಸುರುಳಿಯಲ್ಲಿ ಅಂದು ಸೇರಿದ ಮೊದಲ ಹೆಸರು ನಮಗೆ ತಿಳಿಯದ ಒಂದು ಹೆಸರು.

ಪ್ರಕಟಣಾ ಗ್ರಂಥದಲ್ಲಿ ಜಯಹೊಂದಿದವನ ಹೆಸರನ್ನು ಜೀವಬಾಧ್ಯರ ಪುಸ್ತಕದಿಂದ ಅಳಿಸುವುದಿಲ್ಲ ಎಂದು ಸ್ವಾಮಿ ಮಾತು ಕೊಡುತ್ತಾರೆ. ಪ್ರವಾದಿ ಯೆಶಾಯನ ಬಾಯಿಂದ, ನಿನ್ನನ್ನು ನನ್ನ ಅಂಗೈಯಲ್ಲಿಯೇ ಕೆತ್ತಿಕೊಂಡಿದ್ದೇನೆ ಎಂಬ ಅರ್ಥದ ಮಾತನ್ನು ದೇವರು ಆಡಿಸುತ್ತಾರೆ. ಚರ್ಮದ ಸುರುಳಿಯನ್ನು ಯಾರಾದರೂ ಕೆರೆಯಬಹುದು, ಹಲಗೆಯನ್ನು ಉಜ್ಜಬಹುದು. ಮೊಳೆ ಇಳಿದ ಅಂಗೈಯನ್ನು ಉಜ್ಜುವವರು ಯಾರು?

ಆ ಅಜ್ಜಿ ಹೋದ ಮೇಲೆ ನಾವು ಕಚೇರಿಗೆ ಬಂದು ಕಬ್ಬಿಣದ ಬೀರು ತೆಗೆದು ಹಳೆಯ ದೀಕ್ಷಾಸ್ನಾನದ ಪುಸ್ತಕವನ್ನು ಹೊರತೆಗೆದೆವು. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಕೇಂದ್ರದಲ್ಲಿಯೂ ಇಂಥ ದಾಖಲೆ ಇರಬೇಕೆಂದು ಕಟ್ಟಪ್ಪಣೆ ಮಾಡಿತು. ನಮ್ಮ ಧರ್ಮಸಭೆಯ ನಿಜವಾದ ಲಾಂಛನ ಸುರುಳಿ ಇದು. ಇದರಲ್ಲಿ ಜಮೀನ್ದಾರರ ಮಗನಿಗೂ ಒಂದೇ ಸಾಲು, ಕೂಲಿಯವರ ಮಗಳಿಗೂ ಒಂದೇ ಸಾಲು. ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬುದಿಲ್ಲ. ಇದರಲ್ಲಿ ಏನನ್ನೂ ಉಜ್ಜಿ ಅಳಿಸುವಂತಿಲ್ಲ. ಮದುವೆಯಾದರೆ, ಗುರುದೀಕ್ಷೆ ಪಡೆದರೆ ಪಕ್ಕದ ಅಂಚಿನಲ್ಲಿ ಸೇರಿಸುತ್ತೇವೆ, ಇದ್ದದ್ದನ್ನು ತೆಗೆಯುವುದಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಅಜ್ಜಿಯ ತಾಯಿಯ ಹೆಸರು ಸಿಕ್ಕಿತು. ಶಾಯಿ ಮಾಸಿತ್ತು, ಹೆಸರು ಮಾಸಿರಲಿಲ್ಲ.

ಆದರೆ ಪ್ರಿಯರೇ, ಪುಸ್ತಕದಲ್ಲಿ ಹೆಸರಿದೆ ಎಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ದೇವರು ಮರೆಯುವುದಿಲ್ಲ ಎಂಬ ಸತ್ಯ, ನಾವು ಮರೆಯಬಹುದು ಎಂಬುದಕ್ಕೆ ಪರವಾನಗಿಯಲ್ಲ. ಆದ್ದರಿಂದ ಕಳೆದ ವಾರ ಪಾಲನಾ ಸಮಿತಿಯ ಮುಂದೆ ಮೂರು ವಿಷಯ ಇಟ್ಟೆವು. ಅವುಗಳನ್ನು ನಿಮ್ಮೆಲ್ಲರ ಮುಂದೆಯೂ ಹೇಳಬೇಕು.

ಮೊದಲನೆಯದಾಗಿ, ಈ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಪೂಜೆಯ ನಂತರ ನಾವು ಗ್ರೊಟ್ಟೋ ಬಳಿ ಒಂದು ಪುಸ್ತಕ ಹಿಡಿದು ಕುಳಿತಿರುತ್ತೇವೆ. ಆ ಬೆಂಚುಗಳ ಮೇಲೆ ಯಾರ ಯಾರ ಹೆಸರಿತ್ತು ಎಂದು ನೆನಪಿರುವವರು ಬಂದು ಹೇಳಬೇಕು. ಹಿರಿಯರನ್ನು ಮಕ್ಕಳು ಕೈಹಿಡಿದು ಕರೆತನ್ನಿ. ಮೊದಲ ಸಾಲಿನಲ್ಲಿ ಅಜ್ಜಿಯ ತಾಯಿಯ ಹೆಸರನ್ನು ಆಗಲೇ ಬರೆದಾಗಿದೆ. ಪ್ರತಿ ವರ್ಷ ನವೆಂಬರ್ ತಿಂಗಳಿನಲ್ಲಿ, ಮೃತ ವಿಶ್ವಾಸಿಗಳ ಸ್ಮರಣೆಯಂದು, ಆ ಪುಸ್ತಕ ಬಲಿಪೀಠದ ಮೇಲಿರುತ್ತದೆ.

ಎರಡನೆಯದಾಗಿ, ಹಿತ್ತಾಳೆಯ ಪಟ್ಟಿಗಳನ್ನು ತೆಗೆಸಲು ಅದನ್ನು ಕೊಟ್ಟವರನ್ನೇ ಕೇಳಿಕೊಂಡಿದ್ದೇವೆ. ಬಲವಂತವಿಲ್ಲ. ಕೆಲವರು ಒಪ್ಪಿದ್ದಾರೆ. ಒಬ್ಬರು ಬೇಸರಪಟ್ಟರು, ಅವರ ಬೇಸರವೂ ನ್ಯಾಯವೇ. ಅವರು ಉದಾರವಾಗಿ ಕೊಟ್ಟರು, ಹೆಸರು ಹಾಕುತ್ತೇವೆಂದು ಮಾತು ಕೊಟ್ಟವರು ನಾವು. ಅವರಲ್ಲಿ ಈ ಪೀಠದಿಂದ ಕ್ಷಮೆ ಕೇಳುತ್ತೇವೆ. ಅವರ ಹೆಸರೂ ಪುಸ್ತಕದಲ್ಲಿರುತ್ತದೆ, ಓಲೆ ಮಾರಿದವರ ಪಕ್ಕದಲ್ಲಿ, ಅಷ್ಟೇ ಗಾತ್ರದ ಅಕ್ಷರದಲ್ಲಿ.

ಮೂರನೆಯದಾಗಿ, ಬಾಗಿಲ ಬಳಿಯ ಕಲ್ಲು. ಅದರಲ್ಲಿರುವ ನಮ್ಮ ಹೆಸರನ್ನು ತೆಗೆಯಲು ಯಾರ ಒಪ್ಪಿಗೆಯೂ ಬೇಕಿಲ್ಲ. ಕಲ್ಲುಕುಟಿಗರು ನಾಳೆ ಬರುತ್ತಾರೆ. ಆ ಜಾಗ ಖಾಲಿಯಾಗಿಯೇ ಇರಲಿ. ನೋಡಿದವರು ಏಕೆಂದು ಕೇಳಿದರೆ ಈ ಕಥೆ ಹೇಳಿ. ಒಂದು ಕೆರೆದ ಗುರುತು ಒಮ್ಮೊಮ್ಮೆ ಒಂದು ಒಳ್ಳೆಯ ಪ್ರಬೋಧನೆಯಾಗುತ್ತದೆ.

ಇಂದು ಸಂಜೆ ಪರಮಪ್ರಸಾದದ ಮೆರವಣಿಗೆಯಲ್ಲಿ ನಮ್ಮ ರಾಜರು ಬೀದಿಗಿಳಿಯುತ್ತಾರೆ. ಬಾವುಟ ಇರುತ್ತದೆ, ಹೂವು ಇರುತ್ತದೆ, ಬ್ಯಾಂಡ್ ಇರುತ್ತದೆ. ಇರಲಿ, ಹಬ್ಬವಲ್ಲವೇ? ಆದರೆ ಅವರ ನಿಜವಾದ ಲಾಂಛನವನ್ನು ಮರೆಯದಿರೋಣ. ದೀಕ್ಷಾಸ್ನಾನದ ದಿನ ಗುರುಗಳು, ತಂದೆತಾಯಿ, ಜ್ಞಾನತಂದೆತಾಯಿ ನಮ್ಮ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿದರು. ಅದಕ್ಕೆ ಬಣ್ಣವಿಲ್ಲ, ಬಂಗಾರವಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ನಮ್ಮ ನಡತೆಯಿಂದ ಮಾತ್ರ ಅದು ಕಾಣಬೇಕು. ಇನ್ನೊಬ್ಬರ ಹೆಸರಿಗೆ ಜಾಗ ಬಿಟ್ಟಾಗ ಅದು ಕಾಣುತ್ತದೆ. ಮನೆಯಲ್ಲಿ ಅತ್ತೆ ಮಾಡಿದ್ದನ್ನು ಸೊಸೆ ನೆನೆದಾಗ, ತಮ್ಮನ ಪಾಲನ್ನು ಅಣ್ಣ ಪತ್ರದಲ್ಲಿ ಬಿಡದೆ ಬರೆಸಿದಾಗ, ಸಂಘದಲ್ಲಿ ಕೆಲಸ ಮಾಡಿದವರನ್ನು ವೇದಿಕೆಯಲ್ಲಿ ನಿಂತವರು ಹೆಸರಿಟ್ಟು ಕರೆದಾಗ ಅದು ಕಾಣುತ್ತದೆ.

ಪ್ರಾರ್ಥಿಸೋಣ. ಕ್ರಿಸ್ತರಾಜರೇ, ನಿಮ್ಮ ತಲೆಯ ಮೇಲಿನ ಹಲಗೆಯಲ್ಲಿ ಹಾಸ್ಯಕ್ಕೆ ಬರೆದ ಮಾತನ್ನು ನೀವು ಅಳಿಸಲಿಲ್ಲ, ಅದನ್ನೇ ನಿಜಮಾಡಿ ತೋರಿಸಿದಿರಿ. ನಾವು ಅಳಿಸಿದ ಹೆಸರುಗಳನ್ನು ನೀವು ನೆನಪಿಟ್ಟುಕೊಂಡಿದ್ದೀರಿ. ನಮಗೂ ಆ ನೆನಪನ್ನು ಕೊಡಿ. ನಮ್ಮ ಹೆಸರು ಉಳಿಯಲಿ ಎಂದು ಬೇಡುವ ಮೊದಲು, ಪಕ್ಕದಲ್ಲಿ ತೂಗುತ್ತಿರುವವನನ್ನು ನೆನೆಯುವ ಮನಸ್ಸು ಕೊಡಿ. ನಿಮ್ಮ ಸಾಮ್ರಾಜ್ಯಕ್ಕೆ ಬರುವಾಗ ಆ ಅಜ್ಜಿಯನ್ನೂ, ಅವರ ತಾಯಿಯನ್ನೂ, ನಮ್ಮೆಲ್ಲರನ್ನೂ ಒಂದೇ ಸಾಲಿನಲ್ಲಿ ಸೇರಿಸಿಕೊಳ್ಳಿ. ಆಮೆನ್.